ಸಾಗರ ಸಿಮ್ಯುಲೇಷನ್ ದತ್ತಾಂಶದ ದೃಶ್ಯೀಕರಣ: ಬಂಗಾಳ ಕೊಲ್ಲಿಯ ಲವಣಾಂಶದ ನಿದರ್ಶನ

1. ಪೀಠಿಕೆ

ಭೂಮಿಯ ಮೇಲ್ಮೈಯಲ್ಲಿ ಸುಮಾರು ಶೇಕಡ 71ರಷ್ಟು ಭಾಗವನ್ನು ಸಾಗರಗಳು ಆವರಿಸಿವೆ. ಅವುಗಳ ಸರಾಸರಿ ಆಳ ಸುಮಾರು 3,700 ಮೀಟರ್. ಉಪಗ್ರಹಗಳು ಸಾಗರದ ಮೇಲ್ಪದರವನ್ನು ಮಾತ್ರ ಗಮನಿಸಬಲ್ಲವು. ಸಂಶೋಧನಾ ಹಡಗುಗಳು ತಾವು ಸಾಗಿದ ಮಾರ್ಗದ ಕೆಳಗಿನ ನೀರನ್ನಷ್ಟೇ ಅಳೆಯಬಲ್ಲವು. ಆರ್ಗೊ ಫ್ಲೋಟ್‌ಗಳು ಸಾಮಾನ್ಯವಾಗಿ 10 ದಿನಗಳಿಗೊಮ್ಮೆ 2,000 ಮೀಟರ್ ಆಳದಿಂದ ಮೇಲೇರುತ್ತಾ ನೀರಿನ ಉಷ್ಣಾಂಶ ಹಾಗೂ ಲವಣಾಂಶವನ್ನು ದಾಖಲಿಸುತ್ತವೆ. ಈ ಎಲ್ಲ ಅಳತೆಗಳ ನಡುವೆ ವಿಶಾಲವಾದ ತೆರವುಗಳು ಉಳಿಯುತ್ತವೆ. ಭೌತವಿಜ್ಞಾನದ ಸಮೀಕರಣಗಳನ್ನು ಗಣಕಯಂತ್ರದಲ್ಲಿ ಬಿಡಿಸಿ, ಸಾಗರದ ಎಲ್ಲ ಆಳಗಳ ಸ್ಥಿತಿಯನ್ನು ಕಾಲಕ್ರಮದಲ್ಲಿ ಲೆಕ್ಕಹಾಕುವ ವಿಧಾನಕ್ಕೆ ಸಾಗರ ಸಿಮ್ಯುಲೇಷನ್ ಎಂದು ಹೆಸರು. ಅಮೆರಿಕದಲ್ಲಿ ಕಿರ್ಕ್ ಬ್ರಯಾನ್ ಮತ್ತು ಮೈಕೇಲ್ ಕಾಕ್ಸ್ ಅವರು 1960ರ ದಶಕದಲ್ಲಿ ಆರಂಭಿಸಿದ ಕಾರ್ಯವು ಈ ಕ್ಷೇತ್ರದ ತಳಹದಿಯಾಗಿದೆ.

ಸಿಮ್ಯುಲೇಷನ್‌ನ ಫಲಿತಾಂಶವು ಕೇವಲ ಸಂಖ್ಯೆಗಳ ರಾಶಿಯಾಗಿರುತ್ತದೆ. ಆ ಸಂಖ್ಯೆಗಳನ್ನು ವಿಜ್ಞಾನಿಯ ಕಣ್ಣಿಗೆ ಗೋಚರವಾಗುವ ಆಕಾರ, ಬಣ್ಣ ಮತ್ತು ಚಲನೆಗಳಾಗಿ ಪರಿವರ್ತಿಸುವ ಕಾರ್ಯವೇ ದೃಶ್ಯೀಕರಣ. ಈ ಪುಟದಲ್ಲಿ ದೃಶ್ಯೀಕರಣದ ವಿಧಾನಗಳನ್ನು, ಅದರಲ್ಲಿ ಸಂಭವಿಸಬಹುದಾದ ತಪ್ಪುಗಳನ್ನು ಮತ್ತು ಅವುಗಳನ್ನು ನಿವಾರಿಸುವ ಕ್ರಮಗಳನ್ನು ಬಂಗಾಳ ಕೊಲ್ಲಿಯ ಲವಣಾಂಶದ ಅಧ್ಯಯನವನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸಲಾಗಿದೆ. ವಿದ್ಯಾರ್ಥಿಗಳು, ಅಧ್ಯಾಪಕರು ಹಾಗೂ ಆಸಕ್ತ ಸಾರ್ವಜನಿಕರಿಗೆ ಈ ಮಾಹಿತಿಯು ಉಪಯುಕ್ತವಾಗಿದೆ.

2. ಬಂಗಾಳ ಕೊಲ್ಲಿಯ ಪ್ರಶ್ನೆ

ಭಾರತದ ಎರಡೂ ಪಕ್ಕಗಳಲ್ಲಿರುವ ಸಮುದ್ರಗಳು ಒಂದೇ ಅಕ್ಷಾಂಶದಲ್ಲಿದ್ದರೂ ಅವುಗಳ ಗುಣ ಬೇರೆ ಬೇರೆ. ಅರಬ್ಬೀ ಸಮುದ್ರದಲ್ಲಿ ಮಳೆ ಮತ್ತು ನದಿಗಳಿಂದ ಬರುವ ನೀರಿಗಿಂತ ಆವಿಯಾಗಿ ಹೋಗುವ ನೀರು ಅಧಿಕ. ಆದ್ದರಿಂದ ಅದು ಹೆಚ್ಚು ಉಪ್ಪಾಗಿರುತ್ತದೆ. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣಾ ಮೊದಲಾದ ನದಿಗಳು ಅಪಾರ ಪ್ರಮಾಣದ ಸಿಹಿನೀರನ್ನು ತಂದು ಸುರಿಯುತ್ತವೆ. ಇದರೊಂದಿಗೆ ಮುಂಗಾರಿನ ಮಳೆಯೂ ಸೇರುತ್ತದೆ. ಈ ಹಗುರವಾದ ಸಿಹಿನೀರು ಮೇಲ್ಪದರವಾಗಿ ನಿಂತು, ಕೆಳಗಿನ ತಂಪಾದ ಉಪ್ಪುನೀರು ಮೇಲೆ ಬೆರೆಯದಂತೆ ತಡೆಯುತ್ತದೆ. ಪರಿಣಾಮವಾಗಿ ಕೊಲ್ಲಿಯ ಮೇಲ್ಮೈ ಬೆಚ್ಚಗೆ ಉಳಿಯುತ್ತದೆ. ಮುಂಗಾರಿನ ಮೋಡಗಳಿಗೂ ಚಂಡಮಾರುತಗಳಿಗೂ ಶಕ್ತಿಯನ್ನು ಒದಗಿಸುವುದು ಈ ಬೆಚ್ಚಗಿನ ಮೇಲ್ಮೈಯೇ ಆಗಿದೆ.

ಇಲ್ಲಿ ಒಂದು ಮೂಲಭೂತ ಪ್ರಶ್ನೆ ಉದ್ಭವಿಸುತ್ತದೆ. ವರ್ಷ ವರ್ಷವೂ ಇಷ್ಟೊಂದು ಸಿಹಿನೀರು ಸೇರುತ್ತಿದ್ದರೂ ಕೊಲ್ಲಿಯು ಕ್ರಮೇಣ ಸಪ್ಪೆಯಾಗದಿರಲು ಕಾರಣವೇನು? ಎಲ್ಲಿಂದಲೋ ಉಪ್ಪು ಮರಳಿ ಬರುತ್ತಿರಲೇಬೇಕು. ನೈರುತ್ಯ ಮುಂಗಾರಿನ ಅವಧಿಯಲ್ಲಿ ಅರಬ್ಬೀ ಸಮುದ್ರದ ಕಡೆಯಿಂದ ಶ್ರೀಲಂಕಾದ ದಕ್ಷಿಣಕ್ಕೆ ಹರಿದು ಕೊಲ್ಲಿಯೊಳಗೆ ತಿರುಗುವ ಬೇಸಿಗೆ ಮುಂಗಾರು ಪ್ರವಾಹವು ಈ ಉಪ್ಪುನೀರನ್ನು ಹೊತ್ತು ತರುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಉಪ್ಪುನೀರನ್ನು ಮೇಲಕ್ಕೆತ್ತಿ ಬೆರೆಸುವ ಕ್ರಿಯೆಯನ್ನು ಮುಂಗಾರಿನ ಪಂಪಿಗೆ ಹೋಲಿಸಿದ್ದಾರೆ. ಇದರ ಮುಂದುವರಿಕೆಯಾಗಿ 2016ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಭಾರತ ಮತ್ತು ಬ್ರಿಟನ್‌ನ ವಿಜ್ಞಾನಿಗಳು 'ಸಿಂಧು ಸಾಧನ' ಸಂಶೋಧನಾ ನೌಕೆಯಲ್ಲಿ ಶ್ರೀಲಂಕಾದ ಪೂರ್ವಕ್ಕೆ, 8 ಡಿಗ್ರಿ ಉತ್ತರ ಅಕ್ಷಾಂಶದ ಗುಂಟ, 'ಬಾಬಲ್' ಎಂಬ ಕ್ಷೇತ್ರ ಪ್ರಯೋಗವನ್ನು ಕೈಗೊಂಡರು. ಈ ಪ್ರಯೋಗದಲ್ಲಿ ನೀರೊಳಗೆ ಚಲಿಸುವ ಗ್ಲೈಡರ್‌ಗಳನ್ನೂ ಬಳಸಲಾಯಿತು.

ಹಡಗಿನ ಅಳತೆಯು ಒಂದು ರೇಖೆಯ ಉದ್ದಕ್ಕೆ ಸೀಮಿತವಾಗಿರುತ್ತದೆ. ಉಪ್ಪುನೀರು ಆ ರೇಖೆಯನ್ನು ದಾಟಿದ ನಂತರ ಎತ್ತ ಸಾಗಿತು, ಎಲ್ಲಿ ಕವಲೊಡೆಯಿತು, ಎಲ್ಲಿ ಕರಗಿತು ಎಂಬುದನ್ನು ತಿಳಿಯಲು ಸಿಮ್ಯುಲೇಷನ್ ದತ್ತಾಂಶದ ಮೂರು ಆಯಾಮಗಳ ದೃಶ್ಯೀಕರಣ ಅವಶ್ಯಕವಾಗುತ್ತದೆ.

3. ದತ್ತಾಂಶದ ಸ್ವರೂಪ ಮತ್ತು ಪ್ರಮಾಣ

ಸಿಮ್ಯುಲೇಷನ್‌ನಲ್ಲಿ ಸಾಗರವನ್ನು ಅಕ್ಷಾಂಶ, ರೇಖಾಂಶ ಮತ್ತು ಆಳಗಳ ಗುಂಟ ಸಣ್ಣ ಸಣ್ಣ ಕೋಶಗಳನ್ನಾಗಿ ವಿಭಜಿಸಲಾಗುತ್ತದೆ. ಪ್ರತಿಯೊಂದು ಕೋಶಕ್ಕೂ ಉಷ್ಣಾಂಶ, ಲವಣಾಂಶ ಹಾಗೂ ಪ್ರವಾಹದ ವೇಗವನ್ನು ಲೆಕ್ಕಹಾಕಲಾಗುತ್ತದೆ. ಕೋಶಗಳ ಗಾತ್ರ 1/12 ಡಿಗ್ರಿ, ಅಂದರೆ ಸಮಭಾಜಕದ ಬಳಿ ಸುಮಾರು 9 ಕಿಲೋಮೀಟರ್ ಇದ್ದು, ಆಳದಲ್ಲಿ 50 ಹಂತಗಳಿವೆ ಎಂದು ಭಾವಿಸೋಣ. ಆಗ ಬಂಗಾಳ ಕೊಲ್ಲಿಯ ಲೆಕ್ಕವು ಈ ಕೆಳಕಂಡಂತಿರುತ್ತದೆ:

- ಪೂರ್ವ-ಪಶ್ಚಿಮವಾಗಿ 15 ಡಿಗ್ರಿ: 180 ಕೋಶಗಳು
- ಉತ್ತರ-ದಕ್ಷಿಣವಾಗಿ 17 ಡಿಗ್ರಿ: 204 ಕೋಶಗಳು
- ಆಳ: 50 ಹಂತಗಳು
- ಒಟ್ಟು ಕೋಶಗಳು: 18,36,000
- ಉಷ್ಣಾಂಶ, ಲವಣಾಂಶ ಮತ್ತು ಪ್ರವಾಹದ ಎರಡು ಘಟಕಗಳು ಸೇರಿ, ದಿನವೊಂದಕ್ಕೆ: 73,44,000 ಸಂಖ್ಯೆಗಳು
- ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳಿಗೆ: ಸುಮಾರು 90 ಕೋಟಿ ಸಂಖ್ಯೆಗಳು

ಸೆಕೆಂಡಿಗೆ ಒಂದು ಸಂಖ್ಯೆಯಂತೆ ಹಗಲಿರುಳೂ ಓದಿದರೆ 90 ಕೋಟಿ ಸಂಖ್ಯೆಗಳನ್ನು ಓದಿ ಮುಗಿಸಲು 28 ವರ್ಷಗಳಿಗೂ ಅಧಿಕ ಕಾಲ ಬೇಕಾಗುತ್ತದೆ. ಸಾಗರ ವಿಜ್ಞಾನದ ಅಳತೆಯಲ್ಲಿ ಇದು ಚಿಕ್ಕ ದತ್ತಾಂಶವೇ ಆಗಿದ್ದು, ಸಾಮಾನ್ಯ ಗಣಕಯಂತ್ರದಲ್ಲಿಯೂ ಅಡಕವಾಗುತ್ತದೆ.

ಇಂತಹ ದತ್ತಾಂಶವನ್ನು ಸಾಮಾನ್ಯವಾಗಿ ನೆಟ್‌ಸಿಡಿಎಫ್ ಎಂಬ ಕಡತ ಸ್ವರೂಪದಲ್ಲಿ ಸಂಗ್ರಹಿಸಲಾಗುತ್ತದೆ. ಕಡತದೊಳಗೇ ಪ್ರತಿಯೊಂದು ರಾಶಿಯ ಹೆಸರು, ಮಾನ, ಅಕ್ಷಾಂಶ-ರೇಖಾಂಶಗಳು ಮತ್ತು ದಿನಾಂಕಗಳನ್ನು ದಾಖಲಿಸಿರುವುದು ಇದರ ವೈಶಿಷ್ಟ್ಯ. ಈ ವಿವರಗಳನ್ನು ಯಾವ ರೀತಿ ಬರೆಯಬೇಕೆಂಬುದನ್ನು 'ಸಿಎಫ್' ನಿಯಮಾವಳಿಯು ನಿಗದಿಪಡಿಸುತ್ತದೆ. ಆದ್ದರಿಂದ ಒಂದು ದೇಶದ ಸಂಸ್ಥೆಯು ಸಿದ್ಧಪಡಿಸಿದ ಕಡತವನ್ನು ಮತ್ತೊಂದು ದೇಶದ ವಿಜ್ಞಾನಿಯು ಯಾರನ್ನೂ ಕೇಳದೆ ತೆರೆದು ಬಳಸಬಹುದಾಗಿದೆ.

4. ದೃಶ್ಯೀಕರಣದ ಪ್ರಮುಖ ವಿಧಾನಗಳು

4.1 ಸೀಳುನೋಟ

ಅತ್ಯಂತ ಸರಳವೂ ವಿಶ್ವಾಸಾರ್ಹವೂ ಆದ ವಿಧಾನವಿದು. ನೀರಿನ ರಾಶಿಯನ್ನು ನಿರ್ದಿಷ್ಟ ಆಳದಲ್ಲಿ ಅಡ್ಡವಾಗಿ ಅಥವಾ ನಿರ್ದಿಷ್ಟ ಅಕ್ಷಾಂಶದ ಗುಂಟ ಲಂಬವಾಗಿ ಸೀಳಿದಂತೆ ಭಾವಿಸಿ, ಆ ತಲದ ಮೌಲ್ಯಗಳನ್ನು ಬಣ್ಣಗಳಿಂದ ತೋರಿಸಲಾಗುತ್ತದೆ. ಚಿತ್ರದ ಮೇಲಿನ ಬಣ್ಣವನ್ನು ಪಕ್ಕದ ಅಳತೆಪಟ್ಟಿಯೊಂದಿಗೆ ಹೋಲಿಸಿ ನೇರವಾಗಿ ಮೌಲ್ಯವನ್ನು ಓದಬಹುದು. 8 ಡಿಗ್ರಿ ಉತ್ತರದ ಲಂಬ ಸೀಳುನೋಟವನ್ನು ಹಡಗಿನ ಅಳತೆಯ ಪಕ್ಕದಲ್ಲಿಟ್ಟು ನೋಡಿದಾಗ ಸಿಮ್ಯುಲೇಷನ್ ಎಷ್ಟರಮಟ್ಟಿಗೆ ಸರಿಯಾಗಿದೆಯೆಂಬುದು ತಿಳಿಯುತ್ತದೆ. ಸೀಳಿದ ತಲದಿಂದ ಹೊರಗೆ ಏನಿದೆಯೆಂಬುದು ಕಾಣಿಸದಿರುವುದು ಇದರ ಮಿತಿಯಾಗಿದೆ.

4.2 ಸಮಮೌಲ್ಯ ಮೇಲ್ಮೈ

ನಿರ್ದಿಷ್ಟ ಮೌಲ್ಯವಿರುವ ಎಲ್ಲ ಬಿಂದುಗಳನ್ನು ಜೋಡಿಸಿದಾಗ ದೊರೆಯುವ ಮೇಲ್ಮೈಗೆ ಸಮಮೌಲ್ಯ ಮೇಲ್ಮೈ ಎನ್ನಲಾಗುತ್ತದೆ. ಭೂಪಟದ ಸಮೋನ್ನತಿ ರೇಖೆಯ ಮೂರು ಆಯಾಮಗಳ ರೂಪವೆಂದು ಇದನ್ನು ಭಾವಿಸಬಹುದು. ಲವಣಾಂಶ 35ರ ಮೇಲ್ಮೈಯನ್ನು ರಚಿಸಿದರೆ, ಅದರೊಳಗಿರುವ ನೀರೆಲ್ಲ ಬಂಗಾಳ ಕೊಲ್ಲಿಯ ಮಟ್ಟಿಗೆ ಅಧಿಕ ಲವಣಾಂಶದ ನೀರಾಗಿರುತ್ತದೆ. ಜೂನ್ ತಿಂಗಳಿನಿಂದ ಮುಂದಕ್ಕೆ ದಿನಕ್ಕೊಂದು ಚಿತ್ರದಂತೆ ಗಮನಿಸಿದಾಗ, ಈ ಆಕೃತಿಯು ಶ್ರೀಲಂಕಾದ ಕಡೆಯಿಂದ ನಾಲಿಗೆಯಂತೆ ಕೊಲ್ಲಿಯೊಳಕ್ಕೆ ಚಾಚಿಕೊಳ್ಳುವುದು ಕಂಡುಬರುತ್ತದೆ. ಆದರೆ 35ರ ಬದಲು 34.8 ಅಥವಾ 35.1 ಎಂದು ಆಯ್ದುಕೊಂಡರೆ ಆಕೃತಿ ಬದಲಾಗುತ್ತದೆ. ಒಂದು ಮೌಲ್ಯದಲ್ಲಿ ಒಂದೇ ರಾಶಿಯಾಗಿ ಕಾಣುವುದು ಮತ್ತೊಂದು ಮೌಲ್ಯದಲ್ಲಿ ಎರಡು ತುಂಡುಗಳಾಗಿ ಕಾಣಬಹುದು. ಆದ್ದರಿಂದ ಒಂದೇ ಮೌಲ್ಯದ ಚಿತ್ರದಿಂದ ತೀರ್ಮಾನಕ್ಕೆ ಬರತಕ್ಕದ್ದಲ್ಲ.

4.3 ಪಾರದರ್ಶಕ ಘನಚಿತ್ರಣ

ಈ ವಿಧಾನದಲ್ಲಿ ನೀರಿನ ಇಡೀ ರಾಶಿಯನ್ನು ಮಂಜಿನಂತೆ ಭಾವಿಸಿ, ಮುಖ್ಯವಾದ ಮೌಲ್ಯಗಳಿಗೆ ಹೆಚ್ಚಿನ ಸಾಂದ್ರತೆಯನ್ನೂ ಉಳಿದವುಗಳಿಗೆ ಪಾರದರ್ಶಕತೆಯನ್ನೂ ನೀಡಲಾಗುತ್ತದೆ. ಒಟ್ಟಾರೆ ರಚನೆಯ ಕಲ್ಪನೆ ಪಡೆಯಲು ಇದು ಸಹಾಯಕ. ಮುಂದಿನ ಮತ್ತು ಹಿಂದಿನ ಪದರಗಳ ಬಣ್ಣಗಳು ಬೆರೆಯುವುದರಿಂದ ನಿಖರವಾದ ಮೌಲ್ಯವನ್ನು ಓದಲು ಇದು ತಕ್ಕುದಲ್ಲ.

4.4 ಪ್ರವಾಹರೇಖೆ ಮತ್ತು ಪಥರೇಖೆ

ನೀರಿನ ಚಲನೆಯನ್ನು ತೋರಿಸಲು ಎರಡು ಬಗೆಯ ರೇಖೆಗಳನ್ನು ಬಳಸಲಾಗುತ್ತದೆ. ಒಂದು ಕ್ಷಣದಲ್ಲಿ ಎಲ್ಲೆಡೆ ಇರುವ ಪ್ರವಾಹದ ದಿಕ್ಕನ್ನು ಅನುಸರಿಸಿ ಎಳೆದದ್ದು ಪ್ರವಾಹರೇಖೆ. ಒಂದು ಕಣವನ್ನು ನೀರಿನಲ್ಲಿ ಬಿಟ್ಟು, ದಿನದಿಂದ ದಿನಕ್ಕೆ ಬದಲಾಗುವ ಪ್ರವಾಹದೊಂದಿಗೆ ಅದು ನಿಜವಾಗಿ ಸಾಗುವ ದಾರಿಯನ್ನು ಗುರುತಿಸಿದ್ದು ಪಥರೇಖೆ. ಪ್ರವಾಹವು ಕಾಲದೊಂದಿಗೆ ಬದಲಾಗದಿದ್ದರೆ ಮಾತ್ರ ಇವೆರಡೂ ಒಂದೇ ಆಗಿರುತ್ತವೆ. ಮುಂಗಾರಿನ ಬಂಗಾಳ ಕೊಲ್ಲಿಯಲ್ಲಿ ಸುಳಿಗಳು ಹುಟ್ಟಿ, ಸರಿದು, ಅಳಿಯುತ್ತಿರುತ್ತವೆ. ಅಲ್ಲಿ ಪ್ರವಾಹರೇಖೆಯನ್ನು ನೀರು ಸಾಗಿದ ದಾರಿಯೆಂದು ತಿಳಿಯುವುದು ತಪ್ಪು ತೀರ್ಮಾನಕ್ಕೆ ಎಡೆಮಾಡುತ್ತದೆ. ಅರಬ್ಬೀ ಸಮುದ್ರದ ನೀರು ಕೊಲ್ಲಿಯನ್ನು ತಲುಪಿತೇ ಎಂಬ ಪ್ರಶ್ನೆಗೆ ಪಥರೇಖೆಯಿಂದ ಮಾತ್ರ ಉತ್ತರ ದೊರೆಯುತ್ತದೆ.

4.5 ಸುಳಿಗಳ ಗುರುತಿಸುವಿಕೆ

ಪ್ರತಿಯೊಂದು ಬಿಂದುವಿನಲ್ಲಿ ನೀರು ಎಷ್ಟು ತಿರುಗುತ್ತಿದೆ ಮತ್ತು ಎಷ್ಟು ಜಗ್ಗಲ್ಪಡುತ್ತಿದೆ ಎಂಬುದನ್ನು ಹೋಲಿಸುವ ಒಕುಬೊ-ವೈಸ್ ಮಾನದಂಡವು ವ್ಯಾಪಕವಾಗಿ ಬಳಕೆಯಲ್ಲಿದೆ. ತಿರುಗುವಿಕೆಯು ಅಧಿಕವಾಗಿರುವ ಪ್ರದೇಶವನ್ನು ಸುಳಿಯೆಂದು ಪರಿಗಣಿಸಲಾಗುತ್ತದೆ. ಉತ್ತರಾರ್ಧ ಗೋಳದಲ್ಲಿ ಅಪ್ರದಕ್ಷಿಣವಾಗಿ ತಿರುಗುವ ಸುಳಿಯ ನಡುವೆ ತಂಪಾದ ನೀರು ಮೇಲೇರುತ್ತದೆ. ಬೇಸಿಗೆ ಮುಂಗಾರಿನಲ್ಲಿ ಶ್ರೀಲಂಕಾದ ಪೂರ್ವಕ್ಕೆ ರೂಪುಗೊಳ್ಳುವ 'ಶ್ರೀಲಂಕಾ ಡೋಮ್' ಇದಕ್ಕೆ ಉತ್ತಮ ಉದಾಹರಣೆಯಾಗಿದೆ.

5. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ಯ

ಸಮಮೌಲ್ಯ ಮೇಲ್ಮೈಗಳ 122 ಚಿತ್ರಗಳನ್ನು ಒಂದಾದಮೇಲೊಂದರಂತೆ ನೋಡಿದ ಮಾತ್ರಕ್ಕೆ ವೈಜ್ಞಾನಿಕ ಉತ್ತರ ದೊರೆಯುವುದಿಲ್ಲ. ಇಂದಿನ ಆಕೃತಿಯ ಯಾವ ಭಾಗವು ನಾಳಿನ ಆಕೃತಿಯ ಯಾವ ಭಾಗವಾಗಿ ಮುಂದುವರಿಯಿತು ಎಂಬುದನ್ನು ನಿಶ್ಚಿತವಾಗಿ ಗುರುತಿಸಬೇಕಾಗುತ್ತದೆ. ಈ ದಿಸೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಾಗರ ವಿಜ್ಞಾನಿಗಳು ಮತ್ತು ಗಣಕ ವಿಜ್ಞಾನಿಗಳು ಜೊತೆಗೂಡಿ ಕಾರ್ಯನಿರ್ವಹಿಸಿದ್ದಾರೆ. ಪಿ. ಎನ್. ವಿನಯಚಂದ್ರನ್ ಮತ್ತು ವಿಜಯ್ ನಟರಾಜನ್ ಅವರನ್ನೊಳಗೊಂಡ ತಂಡವು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವಿಧಾನಗಳನ್ನು ಮಂಡಿಸಿದೆ. ಮೊದಲನೆಯದರಲ್ಲಿ ಅಧಿಕ ಲವಣಾಂಶದ ರಾಶಿಯ ಮುಂಚೂಣಿಯನ್ನು ಪ್ರತ್ಯೇಕಿಸಿ ಕಾಲಾನುಕ್ರಮದಲ್ಲಿ ಹಿಂಬಾಲಿಸಲಾಗುತ್ತದೆ. ಎರಡನೆಯದರಲ್ಲಿ ರಾಶಿಯನ್ನು ಅದರ ಅಸ್ಥಿಪಂಜರದಂತಹ ತೆಳುರೇಖೆಗಳಿಗೆ ಇಳಿಸಿ, ಅದು ಸಾಗಿದ ಮುಖ್ಯ ದಾರಿಗಳನ್ನು ಗುರುತಿಸಲಾಗುತ್ತದೆ.

ಇದರಿಂದ ಚಲಿಸುವ ಚಿತ್ರವು ಒಂದು ನಕ್ಷೆಯಾಗಿ ಮಾರ್ಪಡುತ್ತದೆ. ಯಾವ ಕವಲು ಯಾವ ದಿನ ಬೇರ್ಪಟ್ಟಿತು, ಯಾವುದು ಮುಂದೆ ಸಾಗಿತು, ಯಾವುದು ಕರಗಿಹೋಯಿತು ಎಂಬುದನ್ನು ಒಂದೇ ನೋಟದಲ್ಲಿ ತಿಳಿಯಬಹುದು. ಕಣ್ಣಿನ ಅಂದಾಜಿನ ಸ್ಥಾನದಲ್ಲಿ ಅಳೆಯಬಹುದಾದ, ಬೇರೊಬ್ಬರು ಪುನಃ ಮಾಡಿ ಪರೀಕ್ಷಿಸಬಹುದಾದ ಫಲಿತಾಂಶ ದೊರೆಯುವುದೇ ಇದರ ಪ್ರಯೋಜನ. ತದನಂತರ 2023ರಲ್ಲಿ ಈ ಸಂಸ್ಥೆಯ ತಂಡವು 'ಪೈಪ್ಯಾರಾಓಶನ್' ಎಂಬ ಸಾಧನವನ್ನು ಪ್ರಕಟಿಸಿತು. ಪ್ಯಾರಾವ್ಯೂ ಎಂಬ ಮುಕ್ತ ತಂತ್ರಾಂಶಕ್ಕೆ ಸೇರಿಸಿಕೊಳ್ಳಬಹುದಾದ ಈ ಸಾಧನದಲ್ಲಿ ಸುಳಿಗಳ ಗುರುತಿಸುವಿಕೆ, ಪಥರೇಖೆಗಳು, ಆಳದ ಗುಂಟ ಮೌಲ್ಯಗಳ ನೋಟ ಹಾಗೂ ಲವಣಾಂಶದ ಮುಂಚೂಣಿಯ ಅನುಸರಣೆ ಒಂದೆಡೆ ಲಭ್ಯವಿವೆ.

6. ಚಿತ್ರವು ತಪ್ಪುದಾರಿಗೆಳೆಯುವ ಸಂದರ್ಭಗಳು

ಸಿಮ್ಯುಲೇಷನ್ ಸರಿಯಾಗಿದ್ದರೂ ಚಿತ್ರವು ತಪ್ಪಾಗಿರಲು ಸಾಧ್ಯ. ಈ ಕೆಳಗಿನ ಅಂಶಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು.

6.1 ಕಾಮನಬಿಲ್ಲಿನ ಬಣ್ಣಗಳು

ನೀಲಿಯಿಂದ ಹಸಿರು, ಹಳದಿಗಳ ಮೂಲಕ ಕೆಂಪಿನವರೆಗೆ ಸಾಗುವ ಕಾಮನಬಿಲ್ಲಿನ ವರ್ಣಪಟ್ಟಿಯು ದೀರ್ಘಕಾಲ ವೈಜ್ಞಾನಿಕ ಚಿತ್ರಗಳಲ್ಲಿ ಬಳಕೆಯಲ್ಲಿತ್ತು. ಇದರಲ್ಲಿ ಹಳದಿಯ ಭಾಗವು ಕಣ್ಣಿಗೆ ಅತಿಯಾಗಿ ಹೊಳೆಯುತ್ತದೆ. ಹಸಿರಿನ ಭಾಗದಲ್ಲಿ ಮೌಲ್ಯ ಬದಲಾದರೂ ಬಣ್ಣದ ಬದಲಾವಣೆ ಅಷ್ಟಾಗಿ ತೋರುವುದಿಲ್ಲ. ಲವಣಾಂಶ 30ರಿಂದ 36ರವರೆಗಿನ ಚಿತ್ರದಲ್ಲಿ 34ರ ಆಸುಪಾಸಿನಲ್ಲಿ ಹಳದಿಯ ಪಟ್ಟಿ ಬಂದಾಗ, ನೀರಿನಲ್ಲಿ ಅಲ್ಲೊಂದು ತೀಕ್ಷ್ಣವಾದ ಗಡಿ ಇರುವಂತೆ ಭಾಸವಾಗುತ್ತದೆ. ವಾಸ್ತವದಲ್ಲಿ ಲವಣಾಂಶವು ನಿಧಾನವಾಗಿ, ಸಮನಾಗಿ ಏರುತ್ತಿರಬಹುದು. ಕೆಂಪು-ಹಸಿರು ಬಣ್ಣಗಳ ವ್ಯತ್ಯಾಸವನ್ನು ಗುರುತಿಸಲಾಗದ ಓದುಗರಿಗೆ ಇಂತಹ ಚಿತ್ರವು ಇನ್ನಷ್ಟು ಗೊಂದಲವನ್ನುಂಟುಮಾಡುತ್ತದೆ.

ಈ ದೋಷವನ್ನು ಮನಗಂಡು, ಕಪ್ಪುಬಿಳುಪಾಗಿ ಮುದ್ರಿಸಿದರೂ ಏರಿಳಿತದ ಕ್ರಮ ತಪ್ಪದಂತಹ ವರ್ಣಪಟ್ಟಿಗಳನ್ನು ರೂಪಿಸಲಾಗಿದೆ. ಮ್ಯಾಟ್‌ಲ್ಯಾಬ್ ತಂತ್ರಾಂಶವು 2014ರಲ್ಲಿಯೂ, ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿಯೂ ತಮ್ಮ ಮೂಲ ವರ್ಣಪಟ್ಟಿಗಳನ್ನು ಬದಲಾಯಿಸಿದವು. ಸಾಗರ ವಿಜ್ಞಾನಕ್ಕೆಂದೇ ಕ್ರಿಸ್ಟನ್ ಥಿಂಗ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ 'ಸಿಎಂಓಶನ್' ಸಂಗ್ರಹದಲ್ಲಿ ಲವಣಾಂಶ, ಉಷ್ಣಾಂಶ, ಆಳ ಮುಂತಾದವುಗಳಿಗೆ ಪ್ರತ್ಯೇಕ ಪಟ್ಟಿಗಳಿವೆ. ಪ್ರವಾಹದ ದಿಕ್ಕಿನಂತೆ ಧನ ಮತ್ತು ಋಣ ಎರಡೂ ಮೌಲ್ಯಗಳಿರುವ ರಾಶಿಗಳಿಗೆ, ಶೂನ್ಯದಲ್ಲಿ ತಿಳಿಬಣ್ಣವಿದ್ದು ಎರಡೂ ಕಡೆಗೆ ಬೇರೆ ಬೇರೆ ಬಣ್ಣಗಳಾಗಿ ಗಾಢವಾಗುವ ಪಟ್ಟಿಯನ್ನು ಬಳಸುವುದು ಸೂಕ್ತ.

6.2 ಲಂಬ ಅಳತೆಯ ಉತ್ಪ್ರೇಕ್ಷೆ

ಸಾಗರವು ತನ್ನ ವಿಸ್ತಾರಕ್ಕೆ ಹೋಲಿಸಿದರೆ ಅತ್ಯಂತ ತೆಳುವಾದ ನೀರಿನ ಪದರವಾಗಿದೆ. 1,500 ಕಿಲೋಮೀಟರ್ ಅಗಲದ ಕೊಲ್ಲಿಯನ್ನು 1 ಮೀಟರ್ ಅಗಲದ ಪರದೆಯಲ್ಲಿ ತೋರಿಸಿದರೆ, ಮೇಲಿನ 200 ಮೀಟರ್ ನೀರಿನ ದಪ್ಪವು ಕೇವಲ 0.13 ಮಿಲಿಮೀಟರ್ ಆಗುತ್ತದೆ. ಉಪ್ಪುನೀರಿನ ಕಥೆಯು ಬಹುತೇಕ ಈ 200 ಮೀಟರ್‌ಗಳಲ್ಲಿಯೇ ನಡೆಯುವುದರಿಂದ, ಲಂಬ ಅಳತೆಯನ್ನು ನೂರಾರು ಪಟ್ಟು ಹಿಗ್ಗಿಸುವುದು ಅನಿವಾರ್ಯ. 500 ಪಟ್ಟು ಹಿಗ್ಗಿಸಿದಾಗ ಆ ಪದರವು ಸುಮಾರು 6.7 ಸೆಂಟಿಮೀಟರ್ ದಪ್ಪವಾಗಿ ಕಾಣುತ್ತದೆ. ಅದೇ ವೇಳೆ, ಸಾವಿರ ಮೀಟರ್‌ಗೆ ಒಂದು ಮೀಟರ್ ಇಳಿಯುವ ಸೌಮ್ಯ ಇಳಿಜಾರು ಸುಮಾರು 27 ಡಿಗ್ರಿಯ ಕಡಿದಾದ ಗುಡ್ಡದಂತೆ ತೋರುತ್ತದೆ. ಚಿತ್ರದಲ್ಲಿ ಜಲಪಾತದಂತೆ ಕಾಣುವುದು ನಿಜವಾಗಿ ಬಹುತೇಕ ಸಮತಟ್ಟಾದ ಹರಿವಾಗಿರಬಹುದು. ಆದ್ದರಿಂದ ಉತ್ಪ್ರೇಕ್ಷೆಯ ಪ್ರಮಾಣವನ್ನು ಚಿತ್ರದಲ್ಲಿಯೇ ನಮೂದಿಸತಕ್ಕದ್ದು.

6.3 ಇಲ್ಲದ ನದಿ

ಸಿಮ್ಯುಲೇಷನ್ ಕಡತಗಳಲ್ಲಿ ನೆಲದ ಕೋಶಗಳಿಗೆ 'ಮೌಲ್ಯವಿಲ್ಲ' ಎಂಬ ಸಂಕೇತವನ್ನು ನೀಡಲಾಗಿರುತ್ತದೆ. ಕಡತವನ್ನು ಪರಿವರ್ತಿಸುವಾಗ ಆ ಸಂಕೇತವು ಶೂನ್ಯವಾಗಿ ಮಾರ್ಪಟ್ಟರೆ, ತಂತ್ರಾಂಶವು ಅದನ್ನು ಶೂನ್ಯ ಲವಣಾಂಶದ ನೀರೆಂದು ಗ್ರಹಿಸುತ್ತದೆ. ಬಳಿಕ ನೆಲದ ಶೂನ್ಯ ಮತ್ತು ಪಕ್ಕದ ಸಮುದ್ರದ 34ರ ನಡುವೆ ಮೌಲ್ಯಗಳನ್ನು ಅಂದಾಜಿಸಿ ತುಂಬುತ್ತದೆ. ಪರಿಣಾಮವಾಗಿ ಕರಾವಳಿಯುದ್ದಕ್ಕೂ ಸಿಹಿನೀರಿನ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ಬೇರೆ ಸಮುದ್ರದಲ್ಲಾದರೆ ಈ ದೋಷವು ಕೂಡಲೇ ಕಣ್ಣಿಗೆ ಬೀಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ನದಿಗಳ ಸಿಹಿನೀರು ನಿಜವಾಗಿಯೂ ಕರಾವಳಿಯಗುಂಟ ಹರಿಯುವುದರಿಂದ, ಇಲ್ಲದ ನದಿಯೊಂದು ಸಹಜವೆಂಬಂತೆ ಚಿತ್ರದಲ್ಲಿ ಸೇರಿಕೊಳ್ಳುವ ಅಪಾಯವಿದೆ. ಕರಾವಳಿಯ ಒಂದೆರಡು ಕೋಶಗಳ ಮೂಲ ಸಂಖ್ಯೆಗಳನ್ನು ತೆರೆದು ನೋಡುವುದೇ ಇದಕ್ಕೆ ಪರಿಹಾರ.

6.4 ಕಾಲದ ಅಂತರ

ಮುಖ್ಯ ಚಾಂದ್ರ ಉಬ್ಬರವಿಳಿತದ ಆವರ್ತನ ಅವಧಿ 12.42 ಗಂಟೆಗಳು. ಉಬ್ಬರವಿಳಿತವನ್ನೂ ಲೆಕ್ಕಹಾಕುವ ಸಿಮ್ಯುಲೇಷನ್‌ನಿಂದ 24 ಗಂಟೆಗಳಿಗೊಮ್ಮೆ ಒಂದೊಂದು ಕ್ಷಣದ ಸ್ಥಿತಿಯನ್ನು ಮಾತ್ರ ಆಯ್ದು ಚಲನಚಿತ್ರ ಮಾಡಿದರೆ, ದಿನಕ್ಕೆರಡು ಬಾರಿ ಏರಿಳಿಯುವ ನೀರು 14.77 ದಿನಗಳಿಗೊಮ್ಮೆ ಮೆಲ್ಲನೆ ಏರಿಳಿಯುವಂತೆ ಕಾಣುತ್ತದೆ. ಅಸ್ತಿತ್ವದಲ್ಲಿಯೇ ಇಲ್ಲದ ಎರಡು ವಾರಗಳ ಅಲೆಯೊಂದು ಹೀಗೆ ಸೃಷ್ಟಿಯಾಗುತ್ತದೆ. ಕಡತದಲ್ಲಿರುವುದು ದಿನದ ಸರಾಸರಿಯೋ ಅಥವಾ ಒಂದು ಕ್ಷಣದ ಸ್ಥಿತಿಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅವಶ್ಯಕ.

7. ಬೃಹತ್ ದತ್ತಾಂಶದ ಸವಾಲು

ಅಮೆರಿಕದ ನಾಸಾ ಸಂಸ್ಥೆಯ ಸೂಪರ್ ಕಂಪ್ಯೂಟರ್‌ನಲ್ಲಿ ನಡೆಸಲಾದ 'ಎಲ್‌ಎಲ್‌ಸಿ 4320' ಎಂಬ ಜಾಗತಿಕ ಸಿಮ್ಯುಲೇಷನ್‌ನಲ್ಲಿ ಕೋಶದ ಗಾತ್ರ 1/48 ಡಿಗ್ರಿ, ಆಳದ ಹಂತಗಳು 90. ಇದರಲ್ಲಿ 2011ರ ಸೆಪ್ಟೆಂಬರ್‌ನಿಂದ 2012ರ ನವೆಂಬರ್‌ವರೆಗಿನ ಸಾಗರದ ಸ್ಥಿತಿಯನ್ನು ಗಂಟೆಗೊಮ್ಮೆ ದಾಖಲಿಸಲಾಗಿದೆ. ಇದರ ದತ್ತಾಂಶವು ಹಲವು ಪೆಟಾಬೈಟ್‌ಗಳಷ್ಟಿದೆ. ಒಂದು ಪೆಟಾಬೈಟ್ ಎಂದರೆ ಹತ್ತು ಲಕ್ಷ ಗಿಗಾಬೈಟ್. ಇಂತಹ ದತ್ತಾಂಶವನ್ನು ವಿಜ್ಞಾನಿಯ ಮೇಜಿನ ಗಣಕಯಂತ್ರಕ್ಕೆ ತರುವುದು ಅಸಾಧ್ಯ.

ಇದಕ್ಕೆ ಪರಿಹಾರವಾಗಿ, ಸಿಮ್ಯುಲೇಷನ್ ನಡೆಯುತ್ತಿರುವಾಗಲೇ ಸೂಪರ್ ಕಂಪ್ಯೂಟರ್‌ನೊಳಗೆ ಚಿತ್ರಗಳನ್ನು ಸಿದ್ಧಪಡಿಸುವ ಸ್ಥಳೀಯ ದೃಶ್ಯೀಕರಣ ವಿಧಾನವು ಬಳಕೆಗೆ ಬಂದಿದೆ. ಅಮೆರಿಕದ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ 'ಸಿನಿಮಾ' ಎಂಬ ಕ್ರಮದಲ್ಲಿ, ಬೇರೆ ಬೇರೆ ಕೋನಗಳಿಂದ ಮತ್ತು ಬೇರೆ ಬೇರೆ ಸಮಮೌಲ್ಯಗಳಿಗೆ ಅಸಂಖ್ಯ ಚಿತ್ರಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ಸಂಗ್ರಹಿಸಲಾಗುತ್ತದೆ. ಚಿತ್ರಗಳ ಗಾತ್ರವು ಮೂಲ ದತ್ತಾಂಶಕ್ಕಿಂತ ಬಹಳ ಕಡಿಮೆ. ಆದರೆ ಯಾವ ಪ್ರಶ್ನೆಯನ್ನು ಕೇಳಲಾಗುವುದೆಂದು ಮೊದಲೇ ಊಹಿಸಬೇಕಾಗುವುದು ಇದರ ಮಿತಿ. ಲವಣಾಂಶ 35ಕ್ಕೆ ಚಿತ್ರಗಳನ್ನು ಸಿದ್ಧಪಡಿಸಿ ಮೂಲ ದತ್ತಾಂಶವನ್ನು ಅಳಿಸಿದ ಮೇಲೆ, 34.8ರ ಬಗ್ಗೆ ಹೊಸದಾಗಿ ಮೂಡಿದ ಪ್ರಶ್ನೆಗೆ ಉತ್ತರ ಪಡೆಯಲು ಸಿಮ್ಯುಲೇಷನ್ನನ್ನೇ ಮತ್ತೆ ನಡೆಸಬೇಕಾಗುತ್ತದೆ.

8. ಬಳಕೆಯಲ್ಲಿರುವ ತಂತ್ರಾಂಶಗಳು

- ಫೆರೆಟ್: ಅಮೆರಿಕದ ಸಿಯಾಟಲ್‌ನ ಪೆಸಿಫಿಕ್ ಸಾಗರ ಪರಿಸರ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಸೀಳುನೋಟ ಮತ್ತು ಸರಾಸರಿಗಳಿಗೆ ಉಪಯುಕ್ತ.
- ಓಶನ್ ಡೇಟಾ ವ್ಯೂ: ಜರ್ಮನಿಯ ಆಲ್ಫ್ರೆಡ್ ವೆಗನರ್ ಸಂಸ್ಥೆಯದು. ಹಡಗು ಮತ್ತು ಆರ್ಗೊ ಅಳತೆಗಳ ಪರಿಶೀಲನೆಗೆ ಹೆಸರುವಾಸಿ.
- ಪ್ಯಾರಾವ್ಯೂ: ಮೂರು ಆಯಾಮಗಳ ಬೃಹತ್ ದತ್ತಾಂಶಕ್ಕೆ ಬಳಸುವ ಮುಕ್ತ ತಂತ್ರಾಂಶ.
- ವೇಪರ್: ಅಮೆರಿಕದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರದ ತಂತ್ರಾಂಶ. ವಾಯುಮಂಡಲ ಮತ್ತು ಸಾಗರ ದತ್ತಾಂಶಗಳೆರಡಕ್ಕೂ ಸೂಕ್ತ.
- ಪ್ಯಾನೊಪ್ಲಿ: ನಾಸಾ ಸಂಸ್ಥೆಯದು. ನೆಟ್‌ಸಿಡಿಎಫ್ ಕಡತವನ್ನು ತೆರೆದು ಒಡನೆಯೇ ನಕ್ಷೆಯನ್ನು ನೋಡಲು ಅನುಕೂಲ.

9. ಅನಿಶ್ಚಿತತೆ ಮತ್ತು ಜನಜೀವನ

ಸಿಮ್ಯುಲೇಷನ್‌ನ ಚಿತ್ರವು ಸಾಗರದ ಛಾಯಾಚಿತ್ರವಲ್ಲ. ಆರಂಭಿಕ ಸ್ಥಿತಿ ಅಥವಾ ಗಾಳಿಯ ಮೌಲ್ಯ ಸ್ವಲ್ಪ ಬದಲಾದರೂ ಸುಳಿಗಳ ಸ್ಥಾನ ಬದಲಾಗಬಹುದು. ಆದ್ದರಿಂದ ಒಂದೇ ಸಿಮ್ಯುಲೇಷನ್ನನ್ನು ಸಣ್ಣ ವ್ಯತ್ಯಾಸಗಳೊಂದಿಗೆ ಹಲವು ಬಾರಿ ನಡೆಸಿ, ಫಲಿತಾಂಶಗಳು ಎಲ್ಲಿ ಒಮ್ಮತ ಹೊಂದಿವೆ ಮತ್ತು ಎಲ್ಲಿ ಚದುರಿವೆ ಎಂಬುದನ್ನು ಚಿತ್ರದಲ್ಲಿ ತೋರಿಸುವ ಪದ್ಧತಿ ಇದೆ.

ಇದರ ಮಹತ್ವವು ಪ್ರಯೋಗಾಲಯಕ್ಕೆ ಸೀಮಿತವಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವು (ಇನ್‌ಕಾಯ್ಸ್) ಸಮುದ್ರದಲ್ಲಿ ಕಾಣೆಯಾದ ವ್ಯಕ್ತಿ ಅಥವಾ ದೋಣಿಯ ಶೋಧನೆಗೆ 'ಸಾರತ್' ಎಂಬ ಸಾಧನವನ್ನು ಒದಗಿಸಿದೆ. ಗಾಳಿ ಮತ್ತು ಪ್ರವಾಹಗಳ ಸಿಮ್ಯುಲೇಷನ್ ಆಧಾರದ ಮೇಲೆ, ಕಾಣೆಯಾದುದು ತೇಲಿ ಹೋಗಿರಬಹುದಾದ ಪ್ರದೇಶವನ್ನು ಅದು ನಕ್ಷೆಯಲ್ಲಿ ಸೂಚಿಸುತ್ತದೆ. ಇಲ್ಲಿ ಒಂದೇ ಒಂದು ರೇಖೆಯನ್ನು ಎಳೆದು ತೋರಿಸಿದರೆ ಶೋಧನಾ ನೌಕೆಗಳೆಲ್ಲ ಆ ರೇಖೆಯ ಹಿಂದೆಯೇ ಹೋಗುವ ಸಂಭವವಿದೆ. ಸಂಭವನೀಯತೆ ಅಧಿಕವಿರುವ ಮತ್ತು ಕಡಿಮೆಯಿರುವ ಪ್ರದೇಶಗಳನ್ನು ಪ್ರತ್ಯೇಕವಾಗಿ ತೋರಿಸಿದಾಗ, ಲಭ್ಯವಿರುವ ನೌಕೆಗಳನ್ನು ಎಲ್ಲೆಲ್ಲಿ ಹಂಚಬೇಕೆಂದು ಅಧಿಕಾರಿಗಳು ನಿರ್ಧರಿಸಬಹುದು. ಚಿತ್ರವು ತನ್ನ ಅನಿಶ್ಚಿತತೆಯನ್ನು ಮರೆಮಾಚದಿರುವುದು ಇಂತಹ ಸಂದರ್ಭದಲ್ಲಿ ಜೀವ ಉಳಿಸುವ ವಿಷಯವಾಗುತ್ತದೆ.

10. ಚಿತ್ರವನ್ನು ಪ್ರಕಟಿಸುವ ಮೊದಲು ಪರಿಶೀಲಿಸಬೇಕಾದ ಅಂಶಗಳು

1. ರಾಶಿಯ ಹೆಸರು, ಮಾನ, ದಿನಾಂಕ ಮತ್ತು ಆಳವನ್ನು ನಮೂದಿಸಲಾಗಿದೆಯೇ?
2. ವರ್ಣಪಟ್ಟಿಯ ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳು ಹೋಲಿಸುವ ಎಲ್ಲ ಚಿತ್ರಗಳಲ್ಲಿಯೂ ಒಂದೇ ಆಗಿವೆಯೇ?
3. ಕಪ್ಪುಬಿಳುಪಾಗಿ ಮುದ್ರಿಸಿದಾಗಲೂ ಚಿತ್ರವು ಅರ್ಥವಾಗುತ್ತದೆಯೇ?
4. ಲಂಬ ಉತ್ಪ್ರೇಕ್ಷೆಯ ಪ್ರಮಾಣವನ್ನು ತಿಳಿಸಲಾಗಿದೆಯೇ?
5. ನೆಲದ ಕೋಶಗಳು ಸರಿಯಾಗಿ ಬಿಟ್ಟುಹೋಗಿವೆಯೇ?
6. ಸಮಮೌಲ್ಯವನ್ನು ಸ್ವಲ್ಪ ಹೆಚ್ಚು-ಕಡಿಮೆ ಮಾಡಿದಾಗಲೂ ತೀರ್ಮಾನ ಉಳಿಯುತ್ತದೆಯೇ?
7. ಹಡಗು, ಆರ್ಗೊ ಅಥವಾ ಉಪಗ್ರಹದ ಅಳತೆಯೊಂದಿಗೆ ಕನಿಷ್ಠ ಒಂದು ಹೋಲಿಕೆಯನ್ನಾದರೂ ಮಾಡಲಾಗಿದೆಯೇ?

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಾರ್ವಜನಿಕರಿಗಾಗಿ ತಯಾರಿಸುವ ಸಾಗರದ ಚಲನಚಿತ್ರಗಳಿಗೂ ವಿಜ್ಞಾನಿಗಳ ಚಿತ್ರಗಳಿಗೂ ವ್ಯತ್ಯಾಸವೇನು?
ಉತ್ತರ: ಉದ್ದೇಶವು ಬೇರೆಯಾಗಿರುತ್ತದೆ. 2005ರ ಜೂನ್‌ನಿಂದ 2007ರ ಡಿಸೆಂಬರ್‌ವರೆಗಿನ ಸಾಗರ ಪ್ರವಾಹಗಳನ್ನು ತೋರಿಸುವ ನಾಸಾ ಸಂಸ್ಥೆಯ 'ಪರ್ಪೆಚುಯಲ್ ಓಶನ್' ಚಲನಚಿತ್ರವು ಮೇಲ್ಮೈಯ ಹರಿವುಗಳ ಸೊಬಗನ್ನು ಎಲ್ಲರಿಗೂ ಮನಗಾಣಿಸುತ್ತದೆ. ವಿಜ್ಞಾನಿಯ ಚಿತ್ರದಲ್ಲಿ ಮೌಲ್ಯವನ್ನು ಓದಲು ಮತ್ತು ಹೋಲಿಸಲು ಸಾಧ್ಯವಾಗಬೇಕು.

ಪ್ರಶ್ನೆ: ಕಾಲೇಜು ವಿದ್ಯಾರ್ಥಿಗಳು ಇಂತಹ ದೃಶ್ಯೀಕರಣವನ್ನು ಸ್ವತಃ ಮಾಡಬಹುದೇ?
ಉತ್ತರ: ಮಾಡಬಹುದು. ಮೇಲೆ ತಿಳಿಸಿದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಯುರೋಪಿನ ಕೊಪರ್ನಿಕಸ್ ಸಾಗರ ಸೇವೆಯು 1/12 ಡಿಗ್ರಿಯ ದತ್ತಾಂಶವನ್ನು, ಹೆಸರು ನೋಂದಾಯಿಸಿದ ಯಾರಿಗೇ ಆದರೂ ಶುಲ್ಕವಿಲ್ಲದೆ ನೀಡುತ್ತದೆ. ಮೊದಲು ಒಂದು ದಿನದ ಒಂದು ಸೀಳುನೋಟದಿಂದ ಆರಂಭಿಸುವುದು ಉತ್ತಮ.

ಪ್ರಶ್ನೆ: ಮೂರು ಆಯಾಮಗಳ ಚಿತ್ರವು ಯಾವಾಗಲೂ ಎರಡು ಆಯಾಮಗಳ ಚಿತ್ರಕ್ಕಿಂತ ಉತ್ತಮವೇ?
ಉತ್ತರ: ಅಲ್ಲ. ಮೂರು ಆಯಾಮಗಳ ಚಿತ್ರವು ಎಲ್ಲಿ ನೋಡಬೇಕೆಂಬುದನ್ನು ತಿಳಿಸುತ್ತದೆ. ಅಲ್ಲಿ ಎಷ್ಟಿದೆಯೆಂಬುದನ್ನು ಸೀಳುನೋಟವು ತಿಳಿಸುತ್ತದೆ. ಎರಡನ್ನೂ ಜೊತೆಯಾಗಿ ಬಳಸುವುದು ರೂಢಿಯಲ್ಲಿದೆ.

12. ಪಾರಿಭಾಷಿಕ ಪದಗಳು

- ಲವಣಾಂಶ: ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ. 35 ಎಂದರೆ ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ.
- ಕೋಶ: ಸಿಮ್ಯುಲೇಷನ್‌ನಲ್ಲಿ ಸಾಗರವನ್ನು ವಿಭಜಿಸಿದ ಅತಿ ಚಿಕ್ಕ ಭಾಗ. ಇದಕ್ಕಿಂತ ಚಿಕ್ಕದಾದ ಸುಳಿಗಳು ಚಿತ್ರದಲ್ಲಿ ಕಾಣಲಾರವು.
- ಸಮಮೌಲ್ಯ ಮೇಲ್ಮೈ: ಒಂದೇ ಮೌಲ್ಯವಿರುವ ಬಿಂದುಗಳನ್ನು ಜೋಡಿಸಿದ ಮೇಲ್ಮೈ.
- ಪಥರೇಖೆ: ನೀರಿನ ಕಣವೊಂದು ಕಾಲಕ್ರಮದಲ್ಲಿ ಸಾಗಿದ ದಾರಿ.
- ವರ್ಣಪಟ್ಟಿ: ಸಂಖ್ಯೆಗಳಿಗೆ ಬಣ್ಣಗಳನ್ನು ನಿಗದಿಪಡಿಸುವ ಕ್ರಮ.
- ಸ್ಥಳೀಯ ದೃಶ್ಯೀಕರಣ: ಸಿಮ್ಯುಲೇಷನ್ ನಡೆಯುವ ಗಣಕಯಂತ್ರದಲ್ಲಿಯೇ, ಅದು ನಡೆಯುತ್ತಿರುವಾಗಲೇ ಚಿತ್ರಗಳನ್ನು ಸಿದ್ಧಪಡಿಸುವುದು.